ಲೋಹ ಮತ್ತು ನೀರಿನ ಬೆಳಕಿನ ರಸಾಯನಕ್ಕೆ 10 ಕೆಲ್ವಿನ್ ಕ್ರಯೋಸ್ಟಾಟ್: ನಾಲ್ಕು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಗಟ್ಟಿಯಾದ ಆರ್ಗಾನಿನ ಪದರದೊಳಗೆ ಲೋಹದ ಒಂದು ಪರಮಾಣುವನ್ನೂ ಅದರ ಮಗ್ಗುಲಲ್ಲೇ ನೀರಿನ ಒಂದು ಅಣುವನ್ನೂ ಸೆರೆಹಿಡಿದು, ಬೆಳಕು ಬಿದ್ದಾಗ ಅವೆರಡರ ನಡುವೆ ಏನು ನಡೆಯುತ್ತದೆ ಎಂದು ನೋಡುವ ಕೆಲಸಕ್ಕಾಗಿ ನಾವು ತರಿಸಿಕೊಂಡ ಕ್ಲೋಸ್ಡ್-ಸೈಕಲ್ ಹೀಲಿಯಂ ಕ್ರಯೋಸ್ಟಾಟಿಗೆ, ಅಂದರೆ ಅದೇ ಹೀಲಿಯಂ ಅನಿಲವನ್ನು ಸುತ್ತಿಸುತ್ತ ಮಾದರಿಯನ್ನು ಅತಿ ತಣ್ಣಗಿಡುವ ಯಂತ್ರಕ್ಕೆ, ಈಗ ನಾಲ್ಕು ವರ್ಷ ತುಂಬಿದೆ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ವರ್ಗದ ಯಂತ್ರಗಳೆಲ್ಲ ಒಳಗಿನ ವಿನ್ಯಾಸದಲ್ಲಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ನಾನು ಹೇಳಲಿರುವ ಗುಣದೋಷಗಳು ಹೆಸರಿಗಿಂತ ಹೆಚ್ಚಾಗಿ ಬಗೆಗೆ ಸೇರಿದವು. ಮಾರಾಟದ ಪತ್ರಿಕೆಗಳಲ್ಲಿ ಇಂಥ ಯಂತ್ರವನ್ನು ಅದು ಮುಟ್ಟಬಲ್ಲ ಅತಿ ಕಡಿಮೆ ತಾಪಮಾನದಿಂದ ಅಳೆಯುತ್ತಾರೆ. ನಮ್ಮ ಕೆಲಸಕ್ಕೆ ಆ ಅಳತೆ ಸಾಲದು ಎಂಬುದು ನಾಲ್ಕು ವರ್ಷಗಳಲ್ಲಿ ನನಗೆ ಸ್ಪಷ್ಟವಾಗಿದೆ. ದೀಪ ಹಚ್ಚುವ ಮೊದಲು ತೆಗೆದ ರೋಹಿತಕ್ಕೂ (ಮಾದರಿ ಯಾವ ತರಂಗಾಂತರದ ಕಿರಣವನ್ನು ಎಷ್ಟು ಹೀರಿತು ಎಂಬ ದಾಖಲೆ) ಹಚ್ಚಿದ ನಂತರ ತೆಗೆದ ರೋಹಿತಕ್ಕೂ ಇರುವ ವ್ಯತ್ಯಾಸವನ್ನು ಬೆಳಕೇ ಮಾಡಿತು, ಶಾಖ ಮಾಡಲಿಲ್ಲ, ಸೋರಿ ಬಂದ ನೀರು ಮಾಡಲಿಲ್ಲ ಎಂದು ಧೈರ್ಯವಾಗಿ ಹೇಳಲು ಯಂತ್ರ ಎಷ್ಟರ ಮಟ್ಟಿಗೆ ಬಿಡುತ್ತದೆ ಎಂಬುದೇ ಇಲ್ಲಿ ನಿಜವಾದ ಪರೀಕ್ಷೆ.

ಯಂತ್ರವನ್ನು ತೂಗುವ ಮೊದಲು ಅದರಿಂದ ನಾವು ಕೇಳುತ್ತಿರುವುದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಡಾನಿಲದ ಹರಳಿನೊಳಗೆ ಅಣುಗಳನ್ನು ಒಂದೊಂದಾಗಿ ಹುದುಗಿಸಿಡುವ ವಿಧಾನವನ್ನು ಜಾರ್ಜ್ ಪಿಮೆಂಟೆಲ್ ಮತ್ತು ಸಹೋದ್ಯೋಗಿಗಳು 1954ರಲ್ಲಿ ಮುಂದಿಟ್ಟರು. ಅದಕ್ಕೆ ಮ್ಯಾಟ್ರಿಕ್ಸ್ ಐಸೋಲೇಶನ್ ಎಂಬ ಹೆಸರು ನಿಂತಿದೆ. ಲೋಹದ ಪರಮಾಣುಗಳನ್ನೂ ನೀರನ್ನೂ ಹೀಗೆ ಒಟ್ಟಿಗೆ ಹುದುಗಿಸಿ ಅವಕೆಂಪು ರೋಹಿತದಲ್ಲಿ ವ್ಯವಸ್ಥಿತವಾಗಿ ಓದಿದವರಲ್ಲಿ ರೈಸ್ ವಿಶ್ವವಿದ್ಯಾಲಯದ ರಾಬರ್ಟ್ ಹಾಗ್, ಜಾನ್ ಮಾರ್ಗ್ರೇವ್ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. 1980ರಲ್ಲಿ ಅವರು ಪ್ರಕಟಿಸಿದ ಕೆಲಸದಲ್ಲಿ ಅಲ್ಯುಮಿನಿಯಂ ಪರಮಾಣು ಬೆಳಕಿನ ನೆರವಿಲ್ಲದೆಯೇ, ಅಷ್ಟು ತಣ್ಣಗಿನ ಆರ್ಗಾನಿನಲ್ಲೂ, ನೀರಿನ ಆಮ್ಲಜನಕ–ಹೈಡ್ರೋಜನ್ ಬಂಧದ ನಡುವೆ ತೂರಿಕೊಂಡಿತು. 1985ರಲ್ಲಿ ಅವರು ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಸಾಲನ್ನು ಓದಿದಾಗ, ಸಾಲಿನ ಎಡತುದಿಯ ಸ್ಕ್ಯಾಂಡಿಯಂ, ಟೈಟಾನಿಯಂ, ವನಾಡಿಯಂ ತಾವಾಗಿಯೇ ನೀರನ್ನು ಸೀಳಿದವು. ಕಬ್ಬಿಣ ಹಾಗೆ ಮಾಡಲಿಲ್ಲ. ಅದು ನೀರಿನ ಆಮ್ಲಜನಕಕ್ಕೆ ಮೆಲ್ಲಗೆ ಆತುಕೊಂಡು ಒಂದು ಸಡಿಲ ಸಂಕೀರ್ಣವಾಗಿ ನಿಂತಿತು; ಬೆಳಕು ಬಿದ್ದ ಮೇಲಷ್ಟೇ ಬಂಧದ ನಡುವೆ ಸೇರಿ, ಒಂದು ಕಡೆ ಹೈಡ್ರೋಜನ್ನನ್ನೂ ಇನ್ನೊಂದು ಕಡೆ ಹೈಡ್ರಾಕ್ಸಿಲ್ ಗುಂಪನ್ನೂ ಹಿಡಿದುಕೊಂಡ ಅಣುವಾಯಿತು. ಈ ಅಣುವನ್ನು ಮುಂದೆ ಸೇರ್ಪಡೆ ಅಣು ಎಂದು ಕರೆಯುತ್ತೇನೆ.

ಬೆಳಕೇ ಏಕೆ ಬೇಕು ಎಂಬುದಕ್ಕೆ ಲೆಕ್ಕ ಸರಳವಾಗಿದೆ. ನೀರಿನ ಮೊದಲ ಆಮ್ಲಜನಕ–ಹೈಡ್ರೋಜನ್ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 497 ಕಿಲೋಜೂಲ್ ಬೇಕು. 10 ಕೆಲ್ವಿನ್‌ನಲ್ಲಿ ಉಷ್ಣಚಲನೆಯಿಂದ ಸಿಗುವುದು ಮೋಲ್ ಒಂದಕ್ಕೆ ಕಿಲೋಜೂಲಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಲೋಹದ ಪರಮಾಣು ನೀರಿನೊಡನೆ ಸೇರುವಾಗ ಹೊಸ ಬಂಧಗಳು ಹುಟ್ಟುವುದರಿಂದ ಇಡೀ 497ನ್ನು ತೆರಬೇಕಾಗಿಲ್ಲ ನಿಜ, ಆದರೆ ದಾರಿಯಲ್ಲಿ ಸಣ್ಣ ದಿಬ್ಬವೊಂದಿದ್ದರೂ ಈ ಚಳಿಯಲ್ಲಿ ಅದನ್ನು ಏರಲಾಗದು. ಅತ್ತ ನೀರು ತಾನಾಗಿ 190 ನ್ಯಾನೋಮೀಟರಿಗಿಂತ ಉದ್ದದ ತರಂಗಾಂತರದ ಬೆಳಕನ್ನು ಹೇಳಿಕೊಳ್ಳುವಷ್ಟು ಹೀರುವುದಿಲ್ಲ. ಹೀಗಾಗಿ ಬೆಳಕನ್ನು ಹಿಡಿಯುವ ಕೆಲಸ ಲೋಹದ್ದಾಗುತ್ತದೆ. ಮೆಗ್ನೀಸಿಯಂ ಪರಮಾಣು ಅನಿಲಸ್ಥಿತಿಯಲ್ಲಿ 285.2 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ಅದು ಮೋಲ್ ಒಂದಕ್ಕೆ ಸುಮಾರು 420 ಕಿಲೋಜೂಲ್. ತಳಸ್ಥಿತಿಯಲ್ಲಿ ನೀರಿನ ಪಕ್ಕ ಸುಮ್ಮನೆ ಕುಳಿತಿದ್ದ ಪರಮಾಣು ಉತ್ತೇಜಿತ ಸ್ಥಿತಿಗೆ ಏರಿದೊಡನೆ ಬಂಧದ ನಡುವೆ ನುಗ್ಗುತ್ತದೆ, ಹುಟ್ಟಿದ ಅಣುವಿನ ಹೆಚ್ಚುವರಿ ಶಕ್ತಿಯನ್ನು ಸುತ್ತಲಿನ ಆರ್ಗಾನ್ ಗೂಡು ಹೀರಿಕೊಳ್ಳುತ್ತದೆ, ಅಣು ಅಲ್ಲೇ ಉಳಿಯುತ್ತದೆ. ಹೊರಗಿನ ಜಗತ್ತಿನಲ್ಲಿ ಕಣ್ಣಿಗೆ ಸಿಗದೆ ಮುಂದಿನ ಕ್ರಿಯೆಗೆ ಜಾರಿಬಿಡುವ ನಡುಹಂತವೊಂದು ಇಲ್ಲಿ ಗಂಟೆಗಟ್ಟಲೆ ಕಾದು ನಿಲ್ಲುವುದನ್ನು ಮೊದಲ ಸಲ ನೋಡಿದಾಗ ಆದ ಸಂತೋಷ ನನ್ನಲ್ಲಿ ಇಂದಿಗೂ ಕುಂದಿಲ್ಲ.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ನಮ್ಮದು ಗಿಫರ್ಡ್–ಮೆಕ್‌ಮಹನ್ ಚಕ್ರದ ಮೇಲೆ ನಡೆಯುವ ಎರಡು ಹಂತದ ಕೋಲ್ಡ್ ಹೆಡ್, ಅಂದರೆ ಯಂತ್ರದ ತಣ್ಣಗಾಗುವ ಭಾಗ. ಕಂಪ್ರೆಸರ್ ಕಳಿಸುವ ಹೀಲಿಯಂ ಹಿಗ್ಗುವಾಗ ತಣ್ಣಗಾಗುತ್ತದೆ, ಹೋಗಿಬರುವ ದಾರಿಯಲ್ಲಿರುವ ರೀಜನರೇಟರ್ ಶಾಖವನ್ನು ಹಿಡಿದಿಟ್ಟು ಹಿಂದಿರುಗಿಸುತ್ತದೆ. ದ್ರವ ಹೀಲಿಯಂ ತುಂಬಿಸುವ ಗೊಡವೆ ಇಲ್ಲ. ಕೋಣೆಯ ಬಿಸಿಯಿಂದ 10 ಕೆಲ್ವಿನ್‌ಗೆ ಇಳಿಯಲು ಒಂದೂವರೆ ಗಂಟೆಯಷ್ಟು ಸಾಕು. ಈ ಹಳೆಯ ಬಗೆಯ ಹೆಡ್‌ಗಳು 10 ಕೆಲ್ವಿನ್ ಹತ್ತಿರ ನಿಂತುಬಿಡುವುದಕ್ಕೆ ಕಾರಣ ರೀಜನರೇಟರಿನೊಳಗಿನ ಸೀಸದ ಗುಂಡುಗಳು. ಆ ತಾಪಮಾನಕ್ಕಿಂತ ಕೆಳಗೆ ಸೀಸದ ಶಾಖಧಾರಣೆ ಕುಸಿದುಹೋಗುತ್ತದೆ. ವಿರಳಭಸ್ಮ ಲೋಹಗಳ ಸಂಯುಕ್ತಗಳನ್ನು ತುಂಬಿದ ಹೊಸ ಹೆಡ್‌ಗಳು 4 ಕೆಲ್ವಿನ್ ಮುಟ್ಟುತ್ತವೆ. ನಿಯಾನನ್ನು ಹಾಸಾಗಿ, ಅಂದರೆ ಅಣುಗಳನ್ನು ಹುದುಗಿಸಿಡುವ ಪದರವಾಗಿ, ಬಳಸುವ ಉದ್ದೇಶವಿದ್ದರೆ 4 ಕೆಲ್ವಿನ್ ಹೆಡ್ ಅನಿವಾರ್ಯ, ಏಕೆಂದರೆ 24.6 ಕೆಲ್ವಿನ್‌ನಲ್ಲಿ ಕರಗುವ ನಿಯಾನ್ 10 ಕೆಲ್ವಿನ್ ಹೊತ್ತಿಗೆ ಮೆತ್ತಗಾಗಿ ಹುದುಗಿದ ಅಣುಗಳನ್ನು ಅಲೆದಾಡಲು ಬಿಟ್ಟುಬಿಡುತ್ತದೆ. 83.8 ಕೆಲ್ವಿನ್‌ನಲ್ಲಿ ಕರಗುವ ಆರ್ಗಾನಿಗೆ 10 ಕೆಲ್ವಿನ್ ಧಾರಾಳವಾಯಿತು. ಕ್ರಿಪ್ಟಾನ್, ಕ್ಸೆನಾನ್ ವಿಷಯದಲ್ಲಿ ಇನ್ನೂ ನೆಮ್ಮದಿ.

ತೆರೆಯ ಮೇಲೆ ಕಾಣುವ 10 ಕೆಲ್ವಿನ್ ಯಾವ ಜಾಗದ ತಾಪಮಾನ ಎಂದು ಕೇಳಿಕೊಳ್ಳುವುದು ಬಹಳ ಮುಖ್ಯ. ಸಿಲಿಕಾನ್ ಡಯೋಡ್ ತಾಪಮಾಪಕವನ್ನು ತಾಮ್ರದ ತುದಿಯ ಮೇಲೆ ಕೂರಿಸಿರುತ್ತಾರೆ. ಮಾದರಿ ಇರುವುದು ಅದರ ಕೆಳಗೆ ತೂಗುವ, ಕಿರಣಗಳನ್ನು ಹಾಯಗೊಡುವ ಹರಳಿನ ಕಿಟಕಿಯ ನಡುವೆ. ನಮ್ಮ ಕಿಟಕಿ ಸೀಸಿಯಂ ಅಯೊಡೈಡಿನದು. ಪ್ರತಿ ಸೆಂಟಿಮೀಟರಿಗೆ 200ರವರೆಗೂ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಎಂಬ ಎಣಿಕೆ; ಮುಂದೆ ರೋಹಿತದ ಗೆರೆಗಳಿಗೆ ಕೊಡುವ ಅಂಕಿಗಳೆಲ್ಲ ಇದೇ ಎಣಿಕೆಯವು) ಅವಕೆಂಪು ಕಿರಣಗಳನ್ನು ಬಿಡುವ ಆ ಹರಳು ಶಾಖವನ್ನು ಸಾಗಿಸುವುದರಲ್ಲಿ ಮಾತ್ರ ಹಿಂದೆ. ನೀಲಮಣಿಯ ಕಿಟಕಿ ಶಾಖವನ್ನು ಅತಿ ಚೆನ್ನಾಗಿ ಸಾಗಿಸುತ್ತದೆ, ಆದರೆ ನೀರಿನ ಬಾಗು ಕಂಪನ (ಬಂಧಗಳ ನಡುವಿನ ಕೋನ ಹಿಗ್ಗಿ ಕುಗ್ಗುವ ಕಂಪನ) ಬರುವ 1600ರ ಆಸುಪಾಸನ್ನೂ ಲೋಹ–ಆಮ್ಲಜನಕ ಎಳೆತ (ಬಂಧದ ಉದ್ದ ಹಿಗ್ಗಿ ಕುಗ್ಗುವ ಕಂಪನ) ಬರುವ ಇನ್ನೂ ಕೆಳಗಿನ ಭಾಗವನ್ನೂ ಅದು ಮುಚ್ಚಿಬಿಡುವುದರಿಂದ ನಮ್ಮ ಕೆಲಸಕ್ಕೆ ಆಗುವುದಿಲ್ಲ. ಕಬ್ಬಿಣದ ಸೇರ್ಪಡೆ ಅಣುವನ್ನು ಗುರುತಿಸಲು ಕಬ್ಬಿಣ–ಹೈಡ್ರೋಜನ್ ಎಳೆತ ಬರುವ 1700ರ ಸುತ್ತಲಿನ ಭಾಗವೂ ಕಬ್ಬಿಣ–ಹೈಡ್ರಾಕ್ಸಿಲ್ ಎಳೆತ ಬರುವ 700ರ ಸುತ್ತಲಿನ ಭಾಗವೂ ಬೇಕೇ ಬೇಕು. ಆದ್ದರಿಂದ ಸೀಸಿಯಂ ಅಯೊಡೈಡನ್ನೇ ಇಟ್ಟುಕೊಂಡು ಹರಳಿಗೂ ತಾಮ್ರದ ಚೌಕಟ್ಟಿಗೂ ನಡುವೆ ಇಂಡಿಯಂ ಹಾಳೆಯನ್ನು ಒತ್ತಬೇಕಾಗುತ್ತದೆ. ಯಂತ್ರದೊಡನೆ ಬಂದ ಚೌಕಟ್ಟಿನಲ್ಲಿ ಹಾಳೆ ಒಂದೇ ಬದಿಗಿತ್ತು. ಇನ್ನೊಂದು ಬದಿಗೂ ಹಾಕಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ ಮೇಲೆ ಬಂದ ಬದಲಾವಣೆ ರೋಹಿತದಲ್ಲೇ ಕಂಡಿತು: ಮೊದಲು ಹಾಸನ್ನು ಹಾಸುವ ಹೊತ್ತಿಗೇ ನೀರಿನ ಜೋಡಿ ಅಣುಗಳು ಅಗತ್ಯಕ್ಕಿಂತ ಹೆಚ್ಚು ಕಾಣುತ್ತಿದ್ದವು, ನಂತರ ಅವು ತಗ್ಗಿದವು. ಬೆಚ್ಚಗಿರುವ ಪದರದಲ್ಲಿ ಅಣುಗಳು ಗಟ್ಟಿಯಾಗುವ ಮೊದಲು ಒಂದನ್ನೊಂದು ಹುಡುಕಿಕೊಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಇಷ್ಟು ಸಣ್ಣ ಹಾಳೆಯನ್ನು ಕಾರ್ಖಾನೆಯಲ್ಲೇ ಎರಡೂ ಬದಿಗೆ ಹಾಕಿ ಕಳಿಸಬಹುದಿತ್ತು.

ನೀರಿನ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಈ ಯಂತ್ರದ ಒಳ್ಳೆಯ ಗುಣವೂ ದೊಡ್ಡ ಕುಂದೂ ಒಂದೇ ಜಾಗದಲ್ಲಿ ಸೇರಿಕೊಂಡಿರುವುದು ಇಲ್ಲಿಯೇ. ಮ್ಯಾಟ್ರಿಕ್ಸ್ ಪ್ರಯೋಗ ಮಾಡುವ ಬೇರೆಯವರಿಗೆ ಒಳಗೆ ಉಳಿದ ನೀರು ಒಂದು ಕಶ್ಮಲ ಅಷ್ಟೇ. ನಮಗೆ ಅದೇ ಕ್ರಿಯೆಯ ಒಂದು ಪಾಲುದಾರ. ಎಷ್ಟು ನೀರನ್ನು ನಾವು ಕೊಟ್ಟೆವು, ಎಷ್ಟು ಗೋಡೆಯಿಂದ ಬಂತು ಎಂದು ಗೊತ್ತಿಲ್ಲದಿದ್ದರೆ ಮಾಡಿದ ಪ್ರಯೋಗಕ್ಕೆ ಅರ್ಥವೇ ಇರುವುದಿಲ್ಲ. ಉಕ್ಕಿನ ಒಳಗೋಡೆ ಒಮ್ಮೆ ಗಾಳಿಗೆ ತೆರೆದುಕೊಂಡರೆ ಸಾಕು, ನೀರಿನ ಅಣುಗಳು ಅದಕ್ಕೆ ಅಂಟಿಕೊಂಡು ದಿನಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತಿರುತ್ತವೆ. ಒಂದು ಟಾರಿನ ಹತ್ತು ಲಕ್ಷದ ಒಂದು ಭಾಗದಷ್ಟು ಒತ್ತಡವಿದ್ದರೆ, ತಾಗಿದ ಅಣುಗಳೆಲ್ಲ ಅಂಟಿಕೊಳ್ಳುವ ಮೇಲ್ಮೈಯಲ್ಲಿ ಸುಮಾರು ಒಂದು ಸೆಕೆಂಡಿಗೆ ಒಂದು ಅಣುಪದರ ಬೆಳೆಯುತ್ತದೆ. 10 ಕೆಲ್ವಿನ್ ಕಿಟಕಿ ಅಂಥದ್ದೇ ಮೇಲ್ಮೈ. ಹೀಲಿಯಂ, ಹೈಡ್ರೋಜನ್, ನಿಯಾನ್ ಬಿಟ್ಟರೆ ಅದನ್ನು ಮುಟ್ಟಿದ್ದೆಲ್ಲ ಅಲ್ಲೇ ನಿಲ್ಲುತ್ತದೆ. ಒಂದು ಗಂಟೆ ಮಾದರಿಯನ್ನು ಹಾಸಿದರೆ ಮೂರು ಸಾವಿರದ ಆರುನೂರು ಪದರಗಳಷ್ಟು ಬೇಡದ ವಸ್ತು ಸೇರಬಹುದು. ಒತ್ತಡವನ್ನು ಇನ್ನೂ ಹತ್ತು ಪಟ್ಟು ಇಳಿಸಿದರೂ ಮುನ್ನೂರರವತ್ತು ಉಳಿಯುತ್ತದೆ.

ಹೊರಕವಚವನ್ನು ಕಾಯಿಸಿ ನೀರನ್ನು ಓಡಿಸುವುದು ಎಲ್ಲರೂ ಬಲ್ಲ ಉಪಾಯ. ಆದರೆ ನಮ್ಮ ಯಂತ್ರದ ಹೊರಕವಚ ತಿರುಗುವ ಬಗೆಯದು. ಒಳಗಿನ ತಣ್ಣನೆಯ ಕಿಟಕಿ ಮೊದಲು ಅನಿಲದ ಕೊಳವೆಯನ್ನೂ ಲೋಹದ ಕುಲುಮೆಯನ್ನೂ ಎದುರಿಸುವಂತೆ, ಆಮೇಲೆ ಅವಕೆಂಪು ಕಿರಣದ ದಾರಿಯನ್ನು, ಅದಾದ ಮೇಲೆ ದೀಪದ ಸ್ಫಟಿಕಶಿಲಾ ಕಿಟಕಿಯನ್ನು ಎದುರಿಸುವಂತೆ ನಿರ್ವಾತ ಕೆಡದೆಯೇ ತಿರುಗಿಸಬಹುದು. ಇದು ಎಂಥ ಅನುಕೂಲ ಎಂಬುದು ತಿರುಗದ ಕವಚದಲ್ಲಿ ಕೆಲಸ ಮಾಡಿದವರಿಗಷ್ಟೇ ಗೊತ್ತು. ಹಾಗೆ ತಿರುಗಲು ಬಿಡುವುದು ಎರಡು ರಬ್ಬರ್ ಓ-ರಿಂಗ್‌ಗಳು, ಮತ್ತು ರಬ್ಬರಿನ ಮೂಲಕ ಹೊರಗಿನ ಗಾಳಿಯ ತೇವ ಸದಾ ಒಳಕ್ಕೆ ಇಳಿಯುತ್ತಿರುತ್ತದೆ. ತಿರುಗಿಸಿದ ಪ್ರತಿ ಸಲವೂ ಒತ್ತಡಮಾಪಕದ ಮುಳ್ಳು ಒಂದು ಕ್ಷಣ ಜಿಗಿಯುವುದನ್ನು ನಾವು ನೋಡಿದ್ದೇವೆ. ರಬ್ಬರೂ ಪೊಟ್ಯಾಸಿಯಂ ಬ್ರೋಮೈಡಿನ ಹೊರಕಿಟಕಿಗಳೂ ಹೆಚ್ಚಿನ ಕಾವನ್ನು ತಡೆಯಲಾರವಾದ್ದರಿಂದ ಕವಚವನ್ನು ಚೆನ್ನಾಗಿ ಕಾಯಿಸುವ ಹಾಗೂ ಇಲ್ಲ. ಎರಡು ಓ-ರಿಂಗ್‌ಗಳ ನಡುವಿನ ಜಾಗವನ್ನು ಬೇರೊಂದು ಪಂಪಿನಿಂದ ಎಳೆಯುವ ವ್ಯವಸ್ಥೆಯನ್ನು ತಯಾರಕರು ಹೆಚ್ಚುವರಿ ಭಾಗವಾಗಿ ಕೊಡುತ್ತಾರೆ. ನೀರನ್ನೇ ಓದಲಿರುವವರು ಅದನ್ನು ಹೆಚ್ಚುವರಿ ಎಂದು ಭಾವಿಸಬಾರದು. ಮೊದಲ ವರ್ಷ ನಾವು ಅದಿಲ್ಲದೆ ನಡೆಸಿ ಕಳೆದುಕೊಂಡ ದಿನಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಗೋಡೆಯ ನೀರನ್ನು ನಾವು ಕೊಟ್ಟ ನೀರಿನಿಂದ ಬೇರ್ಪಡಿಸಿ ಗುರುತಿಸಲು ಭಾರಜಲ, ಅಂದರೆ ಹೈಡ್ರೋಜನ್ನಿನ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರು, ನೆರವಿಗೆ ಬರುತ್ತದೆ. ಸಾಮಾನ್ಯ ನೀರಿನ ಬಾಗು ಕಂಪನ 1600ರ ಹತ್ತಿರ, ಭಾರಜಲದ್ದು 1180ರ ಹತ್ತಿರ, ಒಂದು ಹೈಡ್ರೋಜನ್ ಒಂದು ಡ್ಯೂಟೀರಿಯಂ ಇರುವ ಮಿಶ್ರ ನೀರಿನದು 1400ರ ಹತ್ತಿರ. ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವ ಭಯವಿಲ್ಲ. ಹೊಸದಾಗಿ ಭಾರಜಲ ಬಿಟ್ಟ ದಿನ ಕಿಟಕಿಯ ಮೇಲೆ ಹೆಚ್ಚಾಗಿ ಸಿಗುವುದು ಮಿಶ್ರ ನೀರೇ, ಏಕೆಂದರೆ ಕೊಳವೆಯ ಗೋಡೆಗೆ ಅಂಟಿದ ಸಾಮಾನ್ಯ ನೀರು ಅದರೊಡನೆ ಹೈಡ್ರೋಜನ್ನನ್ನು ವಿನಿಮಯ ಮಾಡಿಕೊಳ್ಳುತ್ತದೆ. ಭಾರಜಲದ ಆವಿಯನ್ನು ಮತ್ತೆ ಮತ್ತೆ ತುಂಬಿಸಿ ತೆಗೆದು ಗೋಡೆಯನ್ನು ತೊಳೆಯಬೇಕು. ಯಂತ್ರದ ಅನಿಲಮಾರ್ಗದಲ್ಲಿ ಅನಗತ್ಯವಾಗಿ ಉದ್ದನೆಯ, ಬಾಗುಬಾಗಾದ ಕೊಳವೆಯೊಂದಿದ್ದುದರಿಂದ ಈ ತೊಳೆತ ಎರಡು ದಿನ ಹಿಡಿಯುತ್ತಿತ್ತು. ಅದನ್ನು ಕತ್ತರಿಸಿ ಗಿಡ್ಡಮಾಡಿದ ಮೇಲೆ ಅರ್ಧ ದಿನಕ್ಕೆ ಇಳಿಯಿತು.

ಇಲ್ಲೊಂದು ಮಾತು ಸೇರಿಸುತ್ತೇನೆ. ಆರ್ಗಾನಿನಲ್ಲಿ ಹುದುಗಿದ ನೀರಿನ ಒಂಟಿ ಅಣು ತನ್ನ ಗೂಡಿನೊಳಗೆ ತಿರುಗುತ್ತಲೇ ಇರುತ್ತದೆ. ಅದರಿಂದ ಬಾಗು ಕಂಪನದ ಭಾಗದಲ್ಲಿ ಒಂದು ಗೆರೆಗೆ ಬದಲಾಗಿ 1573, 1608, 1624ರಲ್ಲಿ ಹಲವು ಗೆರೆಗಳು ಬರುತ್ತವೆ. ಜೋಡಿ ಅಣುಗಳ ಗೆರೆಗಳು 1593 ಮತ್ತು 1611ರಲ್ಲಿ ಅವುಗಳ ನಡುವೆಯೇ ಕೂರುತ್ತವೆ. ಲೋಹಕ್ಕೆ ಆತುಕೊಂಡ ನೀರಿನ ಬಾಗು ಕಂಪನವೂ ಇದೇ ಸಂದಣಿಯ ತುಸು ಕೆಳಗೆ ಬರುತ್ತದೆ. ಸಾಲದ್ದಕ್ಕೆ ನೀರಿನ ಎರಡು ಹೈಡ್ರೋಜನ್ ನ್ಯೂಕ್ಲಿಯಸ್‌ಗಳ ಸ್ಪಿನ್ ಒಂದೇ ದಿಕ್ಕಿಗಿರುವ ಬಗೆ, ತಣ್ಣಗಾದ ಮೇಲೆ, ವಿರುದ್ಧ ದಿಕ್ಕಿಗಿರುವ ಬಗೆಗೆ ಗಂಟೆಗಟ್ಟಲೆ ನಿಧಾನವಾಗಿ ಮಾರ್ಪಡುತ್ತಿರುತ್ತದೆ. ದೀಪ ಹಚ್ಚದೆ ಸುಮ್ಮನೆ ಬಿಟ್ಟರೂ ಗೆರೆಗಳ ಎತ್ತರ ಏರಿಳಿಯುತ್ತದೆ. ದೀಪ ಹಚ್ಚಿದ ಮೇಲೆ ಒಂದು ಗೆರೆ ಕುಗ್ಗಿತೆಂದು ಅದನ್ನು ಬೆಳಕಿನ ಲೆಕ್ಕಕ್ಕೆ ಬರೆಯುವ ಮೊದಲು, ಅಷ್ಟೇ ಹೊತ್ತು ಕತ್ತಲೆಯಲ್ಲಿಟ್ಟ ಮಾದರಿಯ ರೋಹಿತ ಕೈಯಲ್ಲಿರಬೇಕು. ಇದಕ್ಕೆ ತಾಪಮಾನ ಗಂಟೆಗಟ್ಟಲೆ ಕದಲದೆ ನಿಲ್ಲಬೇಕು, ಮತ್ತು ಈ ಒಂದು ವಿಷಯದಲ್ಲಿ ಯಂತ್ರದ ನಿಯಂತ್ರಕ ನಮ್ಮನ್ನು ಒಮ್ಮೆಯೂ ಕೈಬಿಟ್ಟಿಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಂದಾಗಲೂ ಅಂಕಿ ಅದೇ ಇರುತ್ತದೆ. ಅದಕ್ಕೆ ಮನಸಾರೆ ಮೆಚ್ಚುಗೆ ಸಲ್ಲಬೇಕು.

ಇನ್ನು ದೀಪದ ಶಾಖ. ಪಾದರಸದ ಅಧಿಕ ಒತ್ತಡದ ದೀಪ ನೇರಳಾತೀತ ಬೆಳಕಿನೊಡನೆ ಧಾರಾಳವಾಗಿ ಅವಕೆಂಪು ಶಾಖವನ್ನೂ ಚೆಲ್ಲುತ್ತದೆ. ತಾಪಮಾಪಕ ತಾಮ್ರದ ತುದಿಯಲ್ಲಿರುವುದರಿಂದ ಕಿಟಕಿಯ ನಡುಭಾಗ ಬಿಸಿಯಾದದ್ದು ಅದಕ್ಕೆ ತಡವಾಗಿ, ಅದೂ ಅರೆಬರೆಯಾಗಿ ತಿಳಿಯುತ್ತದೆ. ಆರ್ಗಾನ್ 30 ಕೆಲ್ವಿನ್ ದಾಟಿದರೆ ಹುದುಗಿದ ಪರಮಾಣುಗಳು ಅಲೆಯತೊಡಗುತ್ತವೆ, ಹೊಸ ಸಂಕೀರ್ಣಗಳು ಹುಟ್ಟುತ್ತವೆ; ಇನ್ನೂ ಸ್ವಲ್ಪ ಮೇಲೇರಿದರೆ ಹಾಸೇ ಆವಿಯಾಗಿ ಹೊರಟುಹೋಗುತ್ತದೆ. ಆದ್ದರಿಂದ ಬೆಳಕಿನಿಂದಾದ ಕ್ರಿಯೆ ಎಂದು ನಾವು ಬರೆದುಕೊಂಡದ್ದು ನಿಜವಾಗಿ ಶಾಖದಿಂದಾದ ಅಲೆದಾಟವಾಗಿರುವ ಸಾಧ್ಯತೆ ಪ್ರತಿ ಪ್ರಯೋಗದಲ್ಲೂ ಇದೆ. ನಾವು ಕಂಡುಕೊಂಡ ಕ್ರಮ ಇದು. ದೀಪಕ್ಕೂ ಕಿಟಕಿಗೂ ನಡುವೆ ಸ್ಫಟಿಕಶಿಲೆಯ ಪಾತ್ರೆಯಲ್ಲಿ ಒಂದು ಗೇಣು ದಪ್ಪದ ನೀರನ್ನು ಇಟ್ಟು ಶಾಖಕಿರಣಗಳನ್ನು ತಡೆಯುತ್ತೇವೆ. ಮೊದಲು ನೇರಳಾತೀತವನ್ನು ಪೂರ್ತಿ ತಡೆದು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ಹಾಕಿ ಅರ್ಧ ಗಂಟೆ ಬೆಳಗಿ ರೋಹಿತ ತೆಗೆಯುತ್ತೇವೆ. ಆಮೇಲಷ್ಟೇ ತರಂಗಾಂತರವನ್ನು ಹಂತಹಂತವಾಗಿ ಕಿರಿದುಗೊಳಿಸುತ್ತ ಹೋಗುತ್ತೇವೆ. ಬೇರೊಂದು ಮಾದರಿಯನ್ನು ಕತ್ತಲೆಯಲ್ಲೇ 30 ಕೆಲ್ವಿನ್‌ಗೆ ಏರಿಸಿ ಇಳಿಸಿ ಯಾವ ಗೆರೆಗಳು ಬೆಳೆದವು ಎಂದು ಗುರುತು ಹಾಕಿಕೊಳ್ಳುತ್ತೇವೆ. ಕತ್ತಲೆಯ ಬಿಸಿಯಲ್ಲಿ ಬೆಳೆಯುವ ಗೆರೆ ಸಂಕೀರ್ಣದ್ದು. ಬೆಳಕಿನಲ್ಲಿ ಆ ಗೆರೆ ಕುಗ್ಗಿ, ಅದೇ ಪ್ರಮಾಣದಲ್ಲಿ ಮತ್ತೊಂದು ಮೇಲೆದ್ದರೆ ಅದು ಸೇರ್ಪಡೆ ಅಣುವಿನದು. ಈ ಎರಡರ ನಂಟು ಒಮ್ಮೆ ಕೈಗೆ ಸಿಕ್ಕರೆ ರೋಹಿತವನ್ನು ಓದುವುದು ಬಹಳ ಹಿತವಾದ ಕೆಲಸವಾಗುತ್ತದೆ.

ಇಷ್ಟೆಲ್ಲಕ್ಕೆ ಯಂತ್ರದ ಕವಚದಲ್ಲಿ ದೀಪಕ್ಕೆಂದೇ ಬಿಟ್ಟಿರುವ ಕಿಟಕಿ ಚಿಕ್ಕದಾಯಿತು. ಅವಕೆಂಪು ಕಿರಣ ಹಾದುಹೋಗುವ ವೃತ್ತಕ್ಕಿಂತ ಬೆಳಕು ಬೀಳುವ ವೃತ್ತ ಕಿರಿದಾಗಿದ್ದರೆ, ಬೆಳಕೇ ಕಾಣದ ಅಂಚಿನ ಭಾಗವೂ ರೋಹಿತದಲ್ಲಿ ಸೇರಿಕೊಂಡು, ಕ್ರಿಯೆ ಅರ್ಧಕ್ಕೆ ನಿಂತಂತೆ ತೋರುತ್ತದೆ. ಕಬ್ಬಿಣದ ಸಂಕೀರ್ಣ ಎಷ್ಟು ಹೊತ್ತು ಬೆಳಗಿದರೂ ಪೂರ್ತಿ ಮಾಯವಾಗದೆ ಉಳಿಯುತ್ತಿದ್ದುದಕ್ಕೆ ನಾವು ಬಹಳ ದಿನ ರಾಸಾಯನಿಕ ಕಾರಣವನ್ನೇ ಹುಡುಕುತ್ತಿದ್ದೆವು. ಕೊನೆಗೆ ಅದು ಜ್ಯಾಮಿತಿಯ ಕಾರಣವಾಗಿತ್ತು. ಈಗ ಅವಕೆಂಪು ಕಿರಣವನ್ನೇ ಒಂದು ತೂತಿನ ತಗಡಿನಿಂದ ಕಿರಿದುಗೊಳಿಸಿದ್ದೇವೆ. ಸಂಕೇತ ಸ್ವಲ್ಪ ಕ್ಷೀಣವಾದರೂ ಅಳತೆ ನಂಬುವಂತಾಗಿದೆ.

ಲೋಹದ ಮೂಲದ ಬಗ್ಗೆ ಎರಡು ಮಾತು. ಯಂತ್ರದೊಡನೆ ಬಂದ ಕುಲುಮೆಯಲ್ಲಿ ಮೂಸೆಯನ್ನು ಕಾಯಿಸಿ ಲೋಹದ ಆವಿಯನ್ನು ಕಿಟಕಿಯತ್ತ ಕಳಿಸುತ್ತೇವೆ. ಮೆಗ್ನೀಸಿಯಂ ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ಗೇ ಸಾಕಷ್ಟು ಆವಿ ಕೊಡುತ್ತದೆ, ಕಬ್ಬಿಣಕ್ಕೆ ಸಾವಿರವನ್ನು ಸಾಕಷ್ಟು ದಾಟಬೇಕು. ಅಷ್ಟು ಕಾದ ಕುಲುಮೆ ತಾನೇ ಒಂದು ದೀಪ. ಮಾದರಿ ಹಾಸುತ್ತಿರುವಾಗಲೇ ಅದರ ಬೆಳಕು ಕಿಟಕಿಯ ಮೇಲೆ ಬೀಳುತ್ತಿರುತ್ತದೆ. ಕುಲುಮೆಯ ಬಾಯಿಗೆ ತಡೆತಗಡು ಜೋಡಿಸಿ ಕಿಟಕಿಗೆ ಕಾಣುವ ಹೊಳಪನ್ನು ಆದಷ್ಟು ತಗ್ಗಿಸಬಹುದು, ಪೂರ್ತಿ ಅಳಿಸಲಾಗದು. ಇದಕ್ಕೆ ಬದಲಾಗಿ 1064 ನ್ಯಾನೋಮೀಟರ್ ಲೇಸರಿನಿಂದ ಲೋಹದ ಬಿಲ್ಲೆಯನ್ನು ಹೊಡೆದು ಪರಮಾಣುಗಳನ್ನು ಎಬ್ಬಿಸುವ ವಿಧಾನವನ್ನು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಲೆಸ್ಟರ್ ಆಂಡ್ರ್ಯೂಸ್, ಫುಡಾನ್ ವಿಶ್ವವಿದ್ಯಾಲಯದಲ್ಲಿ ಮಿಂಗ್‌ಫೀ ಝೋ ಮುಂತಾದವರು ಬಹಳ ದೂರ ಕೊಂಡೊಯ್ದಿದ್ದಾರೆ. ಥೋರಿಯಂ, ಯುರೇನಿಯಂನಂಥ, ಕುಲುಮೆಗೆ ಸುಲಭವಾಗಿ ಬಗ್ಗದ ಲೋಹಗಳೂ ಅದರಿಂದ ನೀರಿನೊಡನೆ ಸಿಕ್ಕಿವೆ. ಆದರೆ ಲೇಸರ್ ಏಟಿಗೆ ಏಳುವ ಪರಮಾಣುಗಳಲ್ಲಿ ಕೆಲವು ಮೊದಲೇ ಉತ್ತೇಜಿತವಾಗಿರುತ್ತವೆ, ಏಟಿನ ಜ್ವಾಲೆಯೇ ಗಾಢ ನೇರಳಾತೀತವನ್ನು ಚೆಲ್ಲುತ್ತದೆ. ಯಾವ ತರಂಗಾಂತರ ಯಾವ ಹೆಜ್ಜೆಯನ್ನು ನಡೆಸುತ್ತದೆ ಎಂಬುದೇ ಪ್ರಶ್ನೆಯಾಗಿರುವಾಗ ನಾನು ಕುಲುಮೆಯನ್ನೇ ಆರಿಸಿಕೊಳ್ಳುತ್ತೇನೆ. ಹೊಸ ಅಣುವನ್ನು ಮೊದಲ ಸಲ ಹಿಡಿಯುವುದೇ ಗುರಿಯಾದರೆ ಲೇಸರ್ ಮೇಲು. ಈ ಯಂತ್ರದ ಕವಚ ಎರಡಕ್ಕೂ ಜಾಗ ಕೊಡುತ್ತದೆ ಎಂಬುದು ಅದರ ಹೆಚ್ಚುಗಾರಿಕೆ.

ಕೋಲ್ಡ್ ಹೆಡ್ಡಿನೊಳಗಿನ ಪಿಸ್ಟನ್ ಸೆಕೆಂಡಿಗೆ ಒಂದು ಸಲದಷ್ಟು ಬಡಿಯುತ್ತದೆ. ಹೆಡ್ಡನ್ನು ರೋಹಿತಮಾಪಕದ ಮೇಜಿಗೆ ತಾಗದಂತೆ ಪ್ರತ್ಯೇಕ ಕಂಬದಿಂದ ತೂಗಿದರೆ ಅದರ ತೊಂದರೆ ತೀರುತ್ತದೆ. ಕಂಪ್ರೆಸರಿನ ಸದ್ದು ಜೋರಾಗಿದೆ, ಬೇರೆ ಕೋಣೆಯಲ್ಲಿಡುವುದು ಒಳ್ಳೆಯದು. ನಿಯಂತ್ರಣದ ತಂತ್ರಾಂಶ ಸರಳ, ಅದರ ಬಗ್ಗೆ ದೂರಿಲ್ಲ.

ದೂರು ಇರುವುದು ದುರಸ್ತಿ ಸೇವೆಯ ಬಗ್ಗೆ. ಮೂರನೆಯ ವರ್ಷ ಹೀಲಿಯಂ ಒತ್ತಡ ಇಳಿದಾಗ ಬಂದ ಸೇವಾ ಸಿಬ್ಬಂದಿ ತುಂಬುವ ಕೊಳವೆಯೊಳಗಿನ ಗಾಳಿಯನ್ನು ಸರಿಯಾಗಿ ಹೊರಹಾಕದೆ ಅನಿಲವನ್ನು ತುಂಬಿಸಿ ಹೋದರು. ವಾರದೊಳಗೆ ಹೆಡ್ಡಿನಿಂದ ಕರಕರ ಸದ್ದು ಕೇಳಿಬಂತು, ತಾಪಮಾನ 10ರಲ್ಲಿ ನಿಲ್ಲದೆ ತೂಗಾಡತೊಡಗಿತು. ಹೀಲಿಯಂನೊಡನೆ ಸೇರಿದ ಗಾಳಿ ತಣ್ಣನೆಯ ತುದಿಯಲ್ಲಿ ಹೆಪ್ಪುಗಟ್ಟಿ ಪಿಸ್ಟನ್ನಿಗೆ ಅಡ್ಡವಾಗುತ್ತಿತ್ತು. ಹೆಡ್ಡನ್ನು ಕೋಣೆಯ ಬಿಸಿಗೆ ತಂದು, ಅನಿಲವನ್ನು ಹೊರಬಿಟ್ಟು, ಶೇಕಡಾ 99.999 ಶುದ್ಧತೆಯ ಹೀಲಿಯಂನಿಂದ ಹಲವು ಸಲ ತೊಳೆದು ಮತ್ತೆ ತುಂಬಿದ ಮೇಲೆ ಸರಿಹೋಯಿತು. ಆ ಕೆಲಸವನ್ನು ಕೊನೆಗೆ ಮಾಡಿದವರು ನಾವೇ. ಕೈಪಿಡಿಯಲ್ಲಿ ಈ ತೊಳೆಯುವ ಕ್ರಮದ ಬಗ್ಗೆ ಎರಡೇ ಸಾಲು ಇವೆ. ಎರಡು ಪುಟ ಇರಬೇಕಿತ್ತು. ಕಂಪ್ರೆಸರಿನ ಎಣ್ಣೆಯ ಆವಿಯನ್ನು ಹೀರುವ ಇದ್ದಿಲಿನ ಡಬ್ಬಿಯನ್ನು ಹೇಳಿದ ಗಡುವಿಗೆ ಬದಲಿಸುವುದನ್ನೂ ಯಾರೂ ಮುಂದೂಡಬಾರದು, ಎಣ್ಣೆ ಒಮ್ಮೆ ಹೆಡ್ಡನ್ನು ಸೇರಿದರೆ ಹೀಗೆ ತೊಳೆದು ಮುಗಿಸಲಾಗದು.

ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್‌ಗಳಲ್ಲಿ ಮೆಗ್ನೀಸಿಯಂ, ಕಬ್ಬಿಣ, ತಾಮ್ರದಂಥ, ಬೆಳಕಿಗಾಗಿ ಕಾಯುವ ಲೋಹಗಳನ್ನು ಓದಲು ಹೊರಟವರಿಗೆ ಈ ಬಗೆಯ ಯಂತ್ರವನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಓ-ರಿಂಗ್‌ಗಳ ನಡುವಿನ ಪಂಪಿನ ವ್ಯವಸ್ಥೆ ಇಲ್ಲದೆ ಮಾತ್ರ ಬೇಡ. ನಿಯಾನ್ ಬೇಕೆನ್ನುವವರು 4 ಕೆಲ್ವಿನ್ ಹೆಡ್ಡಿಗೆ ಹೋಗಲಿ. ಬಳಸಿದ ಯಂತ್ರವನ್ನು ಕೊಳ್ಳುವವರು ತೆರೆಯ ಮೇಲಿನ ಅಂಕಿ ನೋಡಿ ಒಪ್ಪಬಾರದು. ಕಿಟಕಿಯನ್ನು 10 ಕೆಲ್ವಿನ್‌ಗೆ ಇಳಿಸಿ, ಯಾವ ಅನಿಲವನ್ನೂ ಬಿಡದೆ ಎರಡು ಗಂಟೆ ಹಾಗೆಯೇ ಇರಿಸಿ, ಆಮೇಲೆ ರೋಹಿತ ತೆಗೆದು 3200ರ ಸುತ್ತ ಹಿಮದ ಅಗಲವಾದ ಪಟ್ಟೆ ಎಷ್ಟು ಬೆಳೆದಿದೆ ಎಂದು ತೋರಿಸಲು ಮಾರುವವರನ್ನು ಕೇಳಬೇಕು. ನಂತರ ಕವಚವನ್ನು ಒಂದು ಸುತ್ತು ತಿರುಗಿಸಿ, ಇನ್ನೆರಡು ಗಂಟೆ ಬಿಟ್ಟು ಮತ್ತೊಮ್ಮೆ ತೆಗೆಸಬೇಕು.